ಯಂತ್ರ ಕೆಟ್ಟರೆ ಯಾರನ್ನು ಕರೆಯಬೇಕು? ಸಂಘ, ಒಕ್ಕೂಟ, ಕಂಪನಿ: ಯಾರ ಕೆಲಸ ಯಾವುದು



ಪಶುವೈದ್ಯರು ಕಂಪ್ಯೂಟರ್ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. ಕಳೆದ ಮಳೆಗಾಲದಲ್ಲಿ ನಾನು ಒಂದು ಹಸುವನ್ನು ನೋಡಲು ಹೋದೆ. ಕೊನೆಗೆ ಕಾಯಿಲೆ ಇದ್ದದ್ದು ಹಸುವಿಗಲ್ಲ, ಸಂಘದಲ್ಲಿದ್ದ ಹಾಲು ಪರೀಕ್ಷೆಯ ಯಂತ್ರಕ್ಕೆ.

ಹಸುವಿನ ಒಡತಿ ಹೇಳಿದ್ದು ಇಷ್ಟು: “ಡಾಕ್ಟ್ರೇ, ಇದಕ್ಕೆ ಏನೋ ಹಿಡಿದಿದೆ. ಹತ್ತು ದಿನದಿಂದ ಫ್ಯಾಟ್ ಬರ್ತಾನೇ ಇಲ್ಲ. ಈ ಶನಿವಾರ ಸಂತೆಗೆ ಹೊಡೀಬೇಕು ಅಂತಿದಾರೆ ನಮ್ಮ ಯಜಮಾನರು.” ಎರಡನೇ ಸೂಲಿನ ಮಿಶ್ರತಳಿ ಹಸು. ಮೇವು ಚೆನ್ನಾಗಿ ತಿನ್ನುತ್ತಿತ್ತು, ಮೆಲುಕು ಹಾಕುತ್ತಿತ್ತು, ಜ್ವರವಿಲ್ಲ. ನಾಲ್ಕೂ ಮೊಲೆಗಳ ಹಾಲು ಪರೀಕ್ಷಿಸಿದೆ, ಕೆಚ್ಚಲು ಬಾವಿನ ಸುಳಿವಿಲ್ಲ. ಒಣಹುಲ್ಲು ಸಾಕಷ್ಟು ಹಾಕುತ್ತಿದ್ದರು, ಕೊನೆಯ ಹನಿಯವರೆಗೂ ಕರೆಯುತ್ತಿದ್ದರು. ಜಿಡ್ಡು ಕಡಿಮೆಯಾಗಲು ಹಸುವಿನಲ್ಲಿ ಕಾರಣವೇ ಸಿಗಲಿಲ್ಲ.

ಪಕ್ಕದ ಮನೆಯವರನ್ನು ಕೇಳಿದೆ. ಅವರಿಗೂ ಕಡಿಮೆ. ಎದುರು ಮನೆಯವರಿಗೂ ಕಡಿಮೆ. ಎಲ್ಲರೂ “ಹಸಿಮೇವು ಜಾಸ್ತಿಯಾಗಿದೆ, ಅದಕ್ಕೇ” ಎಂದುಕೊಂಡು ಸುಮ್ಮನಿದ್ದರು. ಒಂದು ಮಾತು ನೆನಪಿಡಿ: ಒಂದು ಹಸುವಿನ ಜಿಡ್ಡು ಇಳಿದರೆ ಹಸುವನ್ನು ನೋಡಿ, ಇಡೀ ಊರಿನ ಜಿಡ್ಡು ಒಂದೇ ವಾರದಲ್ಲಿ ಇಳಿದರೆ ಮೊದಲು ಯಂತ್ರವನ್ನು ನೋಡಿ.

ಅಂದು ಸಂಜೆ ಅದೇ ಹಸುವಿನ ಹಾಲಿನ ಮಾದರಿಯನ್ನು ಶಿಬಿರ ಕಚೇರಿಗೆ ತಂದು ಗರ್ಬರ್ ವಿಧಾನದಲ್ಲಿ ಪರೀಕ್ಷಿಸಿದೆವು. ಸಂಘದ ಯಂತ್ರ 3.2 ತೋರಿಸಿತ್ತು, ಗರ್ಬರ್ ಪರೀಕ್ಷೆಯಲ್ಲಿ 3.8 ಬಂತು.

ಹನ್ನೊಂದು ದಿನ ಏನಾಯಿತು?

ಸಂಘದಲ್ಲಿ ವಿಚಾರಿಸಿದಾಗ ತಿಳಿದದ್ದು ಬೇಸರದ ಸಂಗತಿ. ಯಂತ್ರ ಏರುಪೇರು ತೋರಿಸುತ್ತಿರುವುದು ಹಾಲು ಪರೀಕ್ಷಕರಿಗೆ ಗೊತ್ತಿತ್ತು. ಅವರು ಕಾರ್ಯದರ್ಶಿಯವರಿಗೆ ಹೇಳಿದ್ದರು. ಕಾರ್ಯದರ್ಶಿಯವರು ಕಂಪನಿಗೆ ಫೋನ್ ಮಾಡಿದ್ದರು. ಕಂಪನಿಯವರು “ಮೊದಲು ನೀವು ಶುಚಿ ಮಾಡಿ ನೋಡಿ, ಅದು ನಮ್ಮ ಕೆಲಸವಲ್ಲ” ಎಂದಿದ್ದರು. ಶುಚಿ ಮಾಡುವ ದ್ರಾವಣ ಮುಗಿದು ತಿಂಗಳಾಗಿತ್ತು. ಅದನ್ನು ಒಕ್ಕೂಟ ಕೊಡುತ್ತದೆಂದು ಸಂಘದವರು ಕಾದಿದ್ದರು. ಒಕ್ಕೂಟದ ಸಿಬ್ಬಂದಿಗೆ ಫೋನ್ ಮಾಡಿದಾಗ “ಯಂತ್ರ ಕಂಪನಿಯ ನಿರ್ವಹಣೆಯಲ್ಲಿದೆ, ಅವರಿಗೇ ಹೇಳಿ” ಎಂಬ ಉತ್ತರ ಬಂದಿತ್ತು. ಹೀಗೆ ಹನ್ನೊಂದು ದಿನ ಕಳೆದವು. ಯಾರೂ ಸುಳ್ಳು ಹೇಳಿರಲಿಲ್ಲ, ಆದರೆ ಕೆಲಸ ಮಾತ್ರ ಆಗಿರಲಿಲ್ಲ.

ಇದರ ಬೆಲೆ ಲೆಕ್ಕ ಹಾಕೋಣ. ಸಂಘಕ್ಕೆ ದಿನಕ್ಕೆ 600 ಲೀಟರ್ ಹಾಲು ಬರುತ್ತದೆ, ತಪ್ಪು ಅಳತೆಯಿಂದ ಲೀಟರಿಗೆ 1 ರೂಪಾಯಿ ಕಡಿಮೆ ಸಿಕ್ಕಿದೆ ಎಂದುಕೊಳ್ಳಿ. ಹನ್ನೊಂದು ದಿನಕ್ಕೆ 6,600 ರೂಪಾಯಿ ಸದಸ್ಯರ ಕೈತಪ್ಪಿತು. ಯಂತ್ರ ಹೆಚ್ಚು ತೋರಿಸಿದರೆ ಲಾಭವಲ್ಲವೇ ಎಂದು ಕೇಳಬೇಡಿ. ಸಂಘದ ಒಟ್ಟು ಹಾಲಿಗೆ ಒಕ್ಕೂಟ ತನ್ನ ಪರೀಕ್ಷೆಯ ಪ್ರಕಾರವೇ ಹಣ ಕೊಡುತ್ತದೆ. ಆಗ ನಷ್ಟ ಸಂಘದ್ದು, ವರ್ಷದ ಕೊನೆಗೆ ನಿಮ್ಮ ಬೋನಸ್‌ನದ್ದು.

ದನದ ಆರೈಕೆಯಿಂದ ಕಲಿಯುವ ಪಾಠ

ಕೆಲಸ ಹಂಚಿಕೊಳ್ಳುವುದು ನಮಗೆ ಹೊಸದಲ್ಲ. ದನಕ್ಕೆ ಹೊಟ್ಟೆ ಉಬ್ಬರವಾದರೆ ವೈದ್ಯರು ಬರುವವರೆಗೆ ಕಾಯದೆ ಮನೆಯವರು ಅಡುಗೆ ಎಣ್ಣೆ ಕುಡಿಸುತ್ತೀರಿ. ಆದರೆ ಕರು ಹಾಕಿದ ಹಸು ಹಾಲು ಜ್ವರದಿಂದ ಮಲಗಿದರೆ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡುವ ಕೆಲಸಕ್ಕೆ ಮನೆಯವರು ಕೈಹಾಕುವುದಿಲ್ಲ. ಅವಸರದಲ್ಲಿ ಕೊಟ್ಟರೆ ಹೃದಯವೇ ನಿಂತುಹೋಗಬಹುದು. ಯಾವುದು ಮನೆಯ ಕೆಲಸ, ಯಾವುದು ವೈದ್ಯರ ಕೆಲಸ ಎಂಬುದು ಕಾಯಿಲೆ ಬರುವ ಮೊದಲೇ ನಿಮಗೆ ಗೊತ್ತಿರುತ್ತದೆ. ಹಾಗಾಗಿಯೇ ದನ ಉಳಿಯುತ್ತದೆ.

ಸಂಘದ ತೂಕದ ಯಂತ್ರ, ಹಾಲು ಪರೀಕ್ಷೆಯ ಯಂತ್ರ, ಕಂಪ್ಯೂಟರ್, ಪ್ರಿಂಟರ್, ಯುಪಿಎಸ್ ಇವುಗಳಿಗೂ ಇದೇ ಕ್ರಮ ಬೇಕು. ಎಲ್ಲವನ್ನೂ ಹೊರಗಿನ ಕಂಪನಿಗೆ ಬಿಟ್ಟರೆ ಸಣ್ಣ ವೈರ್ ಸಡಿಲವಾದರೂ ಎರಡು ದಿನ ಕಾಯಬೇಕು. ಎಲ್ಲವನ್ನೂ ನಾವೇ ಮಾಡುತ್ತೇವೆಂದು ಯಂತ್ರ ಬಿಚ್ಚಿದರೆ ವಾರಂಟಿ ಹೋಗುತ್ತದೆ, ಅಳತೆಯ ಮೇಲಿನ ನಂಬಿಕೆಯೂ ಹೋಗುತ್ತದೆ. ಆದ್ದರಿಂದ ಕೆಲಸವನ್ನು ಮೂರು ಪಾಲು ಮಾಡಿಕೊಳ್ಳುವುದು ಒಳ್ಳೆಯದು.

ಮೊದಲ ಪಾಲು: ಸಂಘದ್ದು

ದಿನಾ ಮಾಡುವ ಕೆಲಸವೆಲ್ಲ ಸಂಘದ ಸಿಬ್ಬಂದಿಯದು.

• ಪ್ರತಿ ಸರದಿ ಮುಗಿದ ಕೂಡಲೇ ಪರೀಕ್ಷಾ ಯಂತ್ರವನ್ನು ಶುದ್ಧ ನೀರಿನಿಂದ ತೊಳೆಯುವುದು, ಯಂತ್ರದ ಕೈಪಿಡಿಯಲ್ಲಿ ಹೇಳಿದಂತೆ ಶುಚಿಕಾರಕ ದ್ರಾವಣ ಹಾಯಿಸುವುದು. ಒಳಗಿನ ಕೊಳವೆಯಲ್ಲಿ ಹಾಲಿನ ಪಾಚಿ ಕಟ್ಟಿದರೆ ಯಾವ ಯಂತ್ರವೂ ಸರಿಯಾದ ಲೆಕ್ಕ ಕೊಡುವುದಿಲ್ಲ.
• ಮಾದರಿ ತೆಗೆಯುವ ಮೊದಲು ಹಾಲನ್ನು ಚೆನ್ನಾಗಿ ಕಲಕುವುದು, ನೊರೆ ಇಳಿದ ಮೇಲೆ ಪರೀಕ್ಷಿಸುವುದು. ಗಾಳಿಗುಳ್ಳೆ ಇದ್ದರೆ ಅಳತೆ ತಪ್ಪುತ್ತದೆ.
• ಯುಪಿಎಸ್ ಬ್ಯಾಟರಿ, ಅರ್ತಿಂಗ್ ನೋಡಿಕೊಳ್ಳುವುದು. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿಗೆ ನೀರು ಹಾಕುವುದು ಸಣ್ಣ ಕೆಲಸ, ಆದರೆ ಬಹಳ ಕಡೆ ಮರೆತುಹೋಗುತ್ತದೆ.
• ಪ್ರತಿದಿನದ ಲೆಕ್ಕವನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ, ಅದನ್ನು ಕಂಪ್ಯೂಟರ್‌ನಿಂದ ತೆಗೆದು ಬೇರೆ ಕಡೆ ಇಡುವುದು.
• ತೊಂದರೆಯಾದಾಗ ದಿನಾಂಕ, ಸಮಯ, ಯಂತ್ರ ತೋರಿಸಿದ ಸಂದೇಶ, ಯಾರಿಗೆ ಫೋನ್ ಮಾಡಿದ್ದು, ಅವರೇನು ಹೇಳಿದ್ದು ಎಲ್ಲವನ್ನೂ ಒಂದು ದೂರು ಪುಸ್ತಕದಲ್ಲಿ ಬರೆಯುವುದು.

ಎರಡನೇ ಪಾಲು: ಒಕ್ಕೂಟದ್ದು

ವಿಸ್ತರಣಾಧಿಕಾರಿಗಳು ಮತ್ತು ಒಕ್ಕೂಟದ ಗಣಕ ವಿಭಾಗದವರು ಸಂಘಕ್ಕೂ ಕಂಪನಿಗೂ ನಡುವಿನ ಕೊಂಡಿ. ಯಂತ್ರದ ಅಳತೆಯನ್ನು ಆಗಾಗ ಗರ್ಬರ್ ಪರೀಕ್ಷೆಯೊಂದಿಗೆ ತಾಳೆ ನೋಡುವುದು ಇವರ ಕೆಲಸ. ಇದನ್ನು ಕಂಪನಿಗೇ ಬಿಡಬಾರದು. ಪರೀಕ್ಷೆ ಬರೆದವನೇ ಅಂಕ ಹಾಕಿಕೊಂಡಂತಾಗುತ್ತದೆ. ದರಪಟ್ಟಿ ಬದಲಾದಾಗ ಎಲ್ಲ ಸಂಘಗಳ ಕಂಪ್ಯೂಟರ್‌ನಲ್ಲೂ ಹೊಸ ದರ ಬಂದಿದೆಯೇ ಎಂದು ನೋಡುವುದು, ಶಿಬಿರ ಕಚೇರಿಯಲ್ಲಿ ಒಂದಾದರೂ ಹೆಚ್ಚುವರಿ ಯಂತ್ರ ಇಟ್ಟಿರುವುದು, ಹೊಸ ಪರೀಕ್ಷಕರಿಗೆ ತರಬೇತಿ ಕೊಡುವುದು ಕೂಡ ಇವರ ಪಾಲಿಗೇ ಸೇರಬೇಕು.

ಮೂರನೇ ಪಾಲು: ಕಂಪನಿಯದು

ಯಂತ್ರದ ಒಳಭಾಗ, ಬಿಡಿಭಾಗ ಬದಲಾವಣೆ, ಅಳತೆ ಹೊಂದಾಣಿಕೆ, ತಂತ್ರಾಂಶದ ದೋಷ ಇವು ಕಂಪನಿಯ ತಂತ್ರಜ್ಞರ ಕೆಲಸ. ಹೊಂದಾಣಿಕೆ ಮಾಡಿದ ಮೇಲೆ ಹಿಂದಿನ ಅಳತೆ ಎಷ್ಟಿತ್ತು, ಈಗ ಎಷ್ಟಾಯಿತು ಎಂದು ದೂರು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ.

ತೂಕದ ಯಂತ್ರದ ವಿಷಯದಲ್ಲಿ ಒಂದು ಎಚ್ಚರ. ಅದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುತ್ತದೆ, ವರ್ಷಕ್ಕೊಮ್ಮೆ ಮರುಪರಿಶೀಲನೆ ಆಗಬೇಕು. ದುರಸ್ತಿಗಾಗಿ ಮುದ್ರೆ ಒಡೆದರೆ ಮತ್ತೆ ಮುದ್ರೆ ಹಾಕಿಸಿದ ನಂತರವೇ ಆ ಯಂತ್ರದಲ್ಲಿ ಹಾಲು ತೂಗಬೇಕು. ಹಾಲಿನ ಒಂದು ಲೀಟರ್ ಸುಮಾರು 1.03 ಕೆ.ಜಿ. ತೂಗುತ್ತದೆ. ಯಂತ್ರ ಕೆ.ಜಿ. ತೋರಿಸುತ್ತಿದೆಯೋ ಲೀಟರ್ ತೋರಿಸುತ್ತಿದೆಯೋ ಎಂಬುದನ್ನೂ ದುರಸ್ತಿಯ ನಂತರ ನೋಡಿಕೊಳ್ಳಿ.

ಒಪ್ಪಂದದಲ್ಲಿ ಏನಿರಬೇಕು?

ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಆಡಳಿತ ಮಂಡಳಿಯವರು ಈ ಐದು ವಿಷಯ ಓದಿ ನೋಡಬೇಕು.

1. ಸಮಯ: ನಮ್ಮ ಕೆಲಸ ನಡೆಯುವುದು ಬೆಳಗಿನ ಜಾವ ಮತ್ತು ಸಂಜೆ. ಕಂಪನಿಯ ಕಚೇರಿ ತೆರೆಯುವುದು ಹತ್ತು ಗಂಟೆಗೆ. ಹಾಲು ಅಳೆಯುವ ಹೊತ್ತಿನಲ್ಲಿ ಫೋನ್ ಎತ್ತುವವರು ಯಾರು? ಎಷ್ಟು ಗಂಟೆಯೊಳಗೆ ಸ್ಥಳಕ್ಕೆ ಬರುತ್ತಾರೆ? ಬರದಿದ್ದರೆ ಏನು ಕಡಿತ?

2. ಬದಲಿ ಯಂತ್ರ: ದುರಸ್ತಿಗೆ ಒಯ್ದರೆ ಅಷ್ಟು ದಿನ ಬೇರೆ ಯಂತ್ರ ಕೊಡುತ್ತಾರೆಯೇ?

3. ಯಾವುದು ಸೇರಿಲ್ಲ: ಬ್ಯಾಟರಿ, ಸಿಡಿಲಿನ ಹಾನಿ, ಇಲಿ ಕಡಿದ ಕೇಬಲ್ ಸಾಮಾನ್ಯವಾಗಿ ಒಪ್ಪಂದದ ಹೊರಗಿರುತ್ತವೆ. ನಮ್ಮ ಊರುಗಳಲ್ಲಿ ಹೆಚ್ಚು ಆಗುವುದೂ ಇವೇ. ಇದಕ್ಕೆ ಸಂಘ ಬೇರೆ ಹಣ ತೆಗೆದಿಡಬೇಕು. ಶುಚಿಕಾರಕ ದ್ರಾವಣ ಯಾರು ತರಬೇಕು ಎಂದೂ ಇಲ್ಲೇ ಬರೆಸಿ.

4. ಲೆಕ್ಕದ ಒಡೆತನ: ಸದಸ್ಯರ ಹೆಸರು, ಬ್ಯಾಂಕ್ ಖಾತೆ, ಹಾಲಿನ ಲೆಕ್ಕ ಸಂಘದ್ದು, ಕಂಪನಿಯದಲ್ಲ. ಒಪ್ಪಂದ ಮುಗಿದು ಬೇರೆ ಕಂಪನಿಗೆ ಹೋದರೆ ಹಳೆಯ ಲೆಕ್ಕವೆಲ್ಲ ನಾವು ಓದಬಹುದಾದ ರೂಪದಲ್ಲಿ ಸಿಗಬೇಕು.

5. ಪಾಸ್‌ವರ್ಡ್: ದರಪಟ್ಟಿ ಮತ್ತು ಬಟವಾಡೆಯ ಪಾಸ್‌ವರ್ಡ್ ಸಂಘದ ಬಳಿಯೇ ಇರಬೇಕು. ಕಂಪನಿಯವರು ದೂರದಿಂದ ಕಂಪ್ಯೂಟರ್ ನೋಡಬೇಕೆಂದರೆ ಸಂಘದವರು ಎದುರು ಕುಳಿತಿರಬೇಕು, ಕೆಲಸ ಮುಗಿದ ಕೂಡಲೇ ಸಂಪರ್ಕ ಕಡಿಯಬೇಕು. “ಕಂಪನಿಯಿಂದ ಮಾತಾಡ್ತಿದ್ದೀವಿ, ಒಟಿಪಿ ಹೇಳಿ” ಎಂದು ಯಾರೇ ಕೇಳಿದರೂ ಹೇಳಬೇಡಿ.

ಯಂತ್ರ ನಿಂತ ದಿನ ಹಾಲು ನಿಲ್ಲಬಾರದು

ಹಸು ಯಂತ್ರಕ್ಕಾಗಿ ಕಾಯುವುದಿಲ್ಲ. ಆದ್ದರಿಂದ ಲ್ಯಾಕ್ಟೋಮೀಟರ್, ಗರ್ಬರ್ ಪರೀಕ್ಷೆಯ ಸಾಮಾನು, ಮುದ್ರೆ ಇರುವ ಅಳತೆಪಾತ್ರೆ ಮತ್ತು ಒಂದು ಕೈಬರಹದ ರಿಜಿಸ್ಟರ್ ಪ್ರತಿ ಸಂಘದಲ್ಲೂ ಸಿದ್ಧವಾಗಿರಬೇಕು. ಗರ್ಬರ್ ಪರೀಕ್ಷೆಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಬೇಕು. ಆಮ್ಲವನ್ನು ಬಾಯಿಂದ ಎಳೆಯದೆ, ತರಬೇತಿ ಪಡೆದವರೇ ಮಾಡಬೇಕು. ಹಳೆಯ ವಿಧಾನ ಗೊತ್ತಿರುವ ಪರೀಕ್ಷಕರು ನಿವೃತ್ತರಾಗುವ ಮೊದಲು ಹೊಸಬರಿಗೆ ಕಲಿಸಲಿ.

ಇನ್ನೊಂದು ಸಂಘದಲ್ಲಿ ಬಟವಾಡೆಯ ಹಿಂದಿನ ದಿನ ಕಂಪ್ಯೂಟರ್ ಪೂರ್ತಿ ಕೆಟ್ಟಿತು. ಅಲ್ಲಿನ ಕಾರ್ಯದರ್ಶಿಯಮ್ಮ ಪ್ರತಿ ಸಂಜೆ ಪೆನ್‌ಡ್ರೈವ್‌ಗೆ ನಕಲು ಮಾಡಿ ಮನೆಗೆ ಒಯ್ಯುತ್ತಿದ್ದರು. ಒಕ್ಕೂಟದವರು ಬೇರೆ ಕಂಪ್ಯೂಟರ್ ತಂದರು, ಕಂಪನಿಯವರು ತಂತ್ರಾಂಶ ಹಾಕಿದರು, ಪೆನ್‌ಡ್ರೈವ್‌ನಿಂದ ಲೆಕ್ಕ ಬಂತು. ಮರುದಿನವೇ ಬಟವಾಡೆ ಆಯಿತು. ಮೂವರಲ್ಲಿ ಒಬ್ಬರು ತಪ್ಪಿದ್ದರೂ ಆಗುತ್ತಿರಲಿಲ್ಲ.

ಉತ್ಪಾದಕರು ಏನು ಮಾಡಬಹುದು?

ಪ್ರತಿ ಸರದಿಯ ಚೀಟಿ ಕೇಳಿ ಪಡೆಯಿರಿ, ಒಂದು ತಿಂಗಳಾದರೂ ಇಟ್ಟುಕೊಳ್ಳಿ. ಜಿಡ್ಡು ಇದ್ದಕ್ಕಿದ್ದಂತೆ ಇಳಿದರೆ ಅಕ್ಕಪಕ್ಕದವರ ಚೀಟಿಯೊಂದಿಗೆ ಹೋಲಿಸಿ. ಎಲ್ಲರದೂ ಇಳಿದಿದ್ದರೆ ದೂರು ಪುಸ್ತಕದಲ್ಲಿ ಬರೆಸಿ, ಗರ್ಬರ್ ಪರೀಕ್ಷೆ ಮಾಡಿಸಲು ಕೇಳಿ. ಅದು ನಿಮ್ಮ ಹಕ್ಕು, ಪರೀಕ್ಷಕರ ಮೇಲಿನ ಅನುಮಾನವಲ್ಲ. ಮಹಾಸಭೆಯಲ್ಲಿ ಬೋನಸ್ ಎಷ್ಟೆಂದು ಕೇಳುವಾಗ ನಿರ್ವಹಣಾ ಒಪ್ಪಂದ ಯಾವಾಗ ಮುಗಿಯುತ್ತದೆ ಎಂದೂ ಕೇಳಿ. ಮೂರೂ ಕಡೆಯ ಫೋನ್ ನಂಬರ್‌ಗಳನ್ನು, ಯಾವ ತೊಂದರೆಗೆ ಯಾರು ಎಂಬುದನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಲು ಹೇಳಿ.

ಮೊದಲು ಹೇಳಿದ ಸಂಘದಲ್ಲಿ ಈಗ ಅಂಥ ಹಾಳೆ ಗೋಡೆಯ ಮೇಲಿದೆ. ಅಂದು ದ್ರಾವಣ ತಂದು ಸಂಘದವರು ಶುಚಿ ಮಾಡಿದಾಗ ವ್ಯತ್ಯಾಸ ಅರ್ಧಕ್ಕೆ ಇಳಿಯಿತು. ಉಳಿದದ್ದನ್ನು ಕಂಪನಿಯ ತಂತ್ರಜ್ಞರು ಬಂದು ಸರಿಹೊಂದಿಸಿದರು, ವಿಸ್ತರಣಾಧಿಕಾರಿಗಳು ಗರ್ಬರ್‌ನೊಂದಿಗೆ ತಾಳೆ ನೋಡಿದರು. ಎಲ್ಲ ಸೇರಿ ಒಂದೂವರೆ ದಿನದ ಕೆಲಸ.

ಆ ಹಸು ಸಂತೆಗೆ ಹೋಗಲಿಲ್ಲ. ಹೋದ ತಿಂಗಳು ಗರ್ಭ ಪರೀಕ್ಷೆ ಮಾಡಿದೆ, ನಾಲ್ಕು ತಿಂಗಳಾಗಿದೆ.