ಸುರಂಗದ ಊರಿನಲ್ಲಿ ಒಣ ನೆಲ

"ನಮ್ಮದು ಮುರಕಲ್ಲಿನ ಪದವು ಮಾರಾಯ್ರೆ, ತೇವ ಎಲ್ಲಿಂದ ಬರಬೇಕು?" ಬಾಯಾರಿನಲ್ಲಿ ಮನೆ ಕಟ್ಟಲು ಹೊರಟವರು ಹೀಗೆಂದಾಗ ಅವರನ್ನು ಒಮ್ಮೆ ತೋಟದ ಸುರಂಗಕ್ಕೆ ಕರೆದೊಯ್ಯಬೇಕೆನಿಸುತ್ತದೆ. ಎರಡಡಿ ಅಗಲ, ಆರಡಿ ಎತ್ತರ. ಒಬ್ಬ ಆಳು ಪಿಕ್ಕಾಸು ಹಿಡಿದು ನುಗ್ಗುವಷ್ಟೇ ಜಾಗ. ಒಳಗೆ ಹೋಗಿ ಗೋಡೆಗೆ ಅಂಗೈ ಒತ್ತಿದರೆ ಒದ್ದೆ. ಆ ಜಿನುಗು ನೀರಿನಿಂದಲೇ ಇಲ್ಲಿ ಎಷ್ಟೋ ಅಡಿಕೆ ತೋಟಗಳು ಬದುಕಿವೆ. ಮುರಕಲ್ಲು ಭಾರ ಹೊರುವುದಕ್ಕೆ ಗಟ್ಟಿ, ನೀರು ತಡೆಯುವುದಕ್ಕಲ್ಲ. ಅದರ ಮೈತುಂಬ ತೂತು. ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ ಅದರೊಳಗೆ ಇಳಿಯುತ್ತದೆ; ಬತ್ತಿಗೆ ಎಣ್ಣೆ ಏರಿದ ಹಾಗೆ ಮಣ್ಣಿನ ಸಣ್ಣ ಸಂದುಗಳಲ್ಲಿ ಮೇಲಕ್ಕೂ ಏರುತ್ತದೆ.

"ಹಾಗಾದರೆ ವಿಟ್ರಿಫೈಡ್ ಟೈಲ್ಸ್ ಹಾಕಿಬಿಡೋಣ." ಟೈಲ್ ನೀರು ಕುಡಿಯುವುದಿಲ್ಲ, ನಿಜ, ವಿಟ್ರಿಫೈಡ್ ಎನಿಸಿಕೊಳ್ಳಬೇಕಾದರೆ ಹೀರಿಕೆ ಶೇ. 0.5 ದಾಟಬಾರದು. ಆದರೆ ಅಡಿಯಲ್ಲಿ ಸಿಕ್ಕಿಬಿದ್ದ ತೇವ ಸುಮ್ಮನೆ ಕೂರುವುದಿಲ್ಲ. ಸಂದುಗಳಲ್ಲಿ ಬಿಳಿ ಉಪ್ಪಾಗಿ ಮೂಡುತ್ತದೆ, ಗೋಡೆಯ ಬುಡ ಹಿಡಿದು ಹತ್ತಿ ಪೈಂಟು ಉದುರಿಸುತ್ತದೆ. ತೇವಕ್ಕೆ ತಡೆ ಹಾಕಬೇಕಾದದ್ದು ಕಾಂಕ್ರೀಟಿನ ಅಡಿಯಲ್ಲಿ: ದಪ್ಪ ಜಲ್ಲಿಯ ಪದರ, ಅದರ ಮೇಲೆ ತುಸು ಮರಳು, ಮತ್ತೆ 250 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ. ಹಾಳೆಯ ಅಂಚು ಗೋಡೆಯಡಿಯ ತೇವತಡೆ ಪದರಕ್ಕೆ ಕೂಡಿಕೊಳ್ಳಬೇಕು. ಟೈಲ್ಸಿನ ಬಿಲ್ಲಿನ ಮುಂದೆ ಈ ಖರ್ಚು ಏನೂ ಅಲ್ಲ. ಆದರೆ ನೆಂಟರಿಗೆ ತೋರಿಸುವ ಹಾಗಿಲ್ಲವಲ್ಲ.

ಹಾಗೆಂದು ಜೂನ್ ತಿಂಗಳಲ್ಲಿ ನೆಲ ಬೆವರಿದ ಕೂಡಲೇ ಮೇಸ್ತ್ರಿಗೆ ಬೈಯುವುದೂ ತಪ್ಪು. 28 ಡಿಗ್ರಿಯ ಗಾಳಿಯಲ್ಲಿ ಶೇ. 90 ತೇವಾಂಶವಿದ್ದರೆ, 26 ಡಿಗ್ರಿಯ ತಣ್ಣನೆ ನೆಲ ಮುಟ್ಟಿದೊಡನೆ ಅದು ಹನಿಗಟ್ಟುತ್ತದೆ. ಎರಡಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಟೈಲ್ಸಿನ ಸಂದು ಒಳಗೆ ಬರುವಂತೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ದಿನ ಬಿಡಿ. ಹನಿ ಹಾಳೆಯ ಮೇಲೆ ಕಂಡರೆ ಗಾಳಿಯದ್ದು, ಅಡಿಯಲ್ಲಿ ಕಂಡರೆ ನೆಲದ್ದು.

"ನೆಲ ಒಡೆದರೆ ಸಿಮೆಂಟ್ ಕದ್ದಿದ್ದಾರೆ ಎಂದರ್ಥ." ಕೆಲವೊಮ್ಮೆ ಹೌದು. ಆದರೆ ನಮ್ಮ ಕಡೆ ಸಮತಟ್ಟು ಜಾಗ ಎಷ್ಟಿದೆ? ಜೆಸಿಬಿ ತಂದು ಮೇಲಿನ ಬದಿ ಬರೆ ಕಡಿಯುತ್ತಾರೆ, ಆ ಮಣ್ಣನ್ನೇ ತಗ್ಗಿನ ಬದಿಗೆ ತಳ್ಳುತ್ತಾರೆ. ಮನೆಯ ಅರ್ಧ ನೆಲ ಗಟ್ಟಿ ಮುರದ ಮೇಲೆ, ಇನ್ನರ್ಧ ಸಡಿಲ ಮಣ್ಣಿನ ಮೇಲೆ. ಮೊದಲ ಆಟಿಯ ಮಳೆಗೆ ಹಾಕಿದ ಮಣ್ಣು ಕುಸಿಯುತ್ತದೆ, ಕಾಂಕ್ರೀಟಿನ ಅಡಿ ಟೊಳ್ಳಾಗುತ್ತದೆ, ಎರಡೂ ಸೇರುವಲ್ಲಿ ಗೆರೆ ಬೀಳುತ್ತದೆ. ಅರ್ಧ ಅಡಿಯ ಪದರ ಹಾಕಿ, ನೀರು ಚಿಮುಕಿಸಿ, ದಮ್ಮಾಸು ಹೊಡೆದು, ಸಾಧ್ಯವಾದರೆ ಒಂದು ಮಳೆಗಾಲ ಬಿಡಬೇಕು. ಯಾರಿಗೆ ಪುರುಸೊತ್ತು? ಪಂಚಾಂಗ ನೋಡಿ ಒಕ್ಕಲಿನ ಮುಹೂರ್ತ ಇಟ್ಟವರು, ಮನೆಯ ಪಂಚಾಂಗದೊಳಗಿನ ಮಣ್ಣನ್ನು ನೋಡಿರುವುದಿಲ್ಲ.

ಬ್ರಿಟನ್ನಿನಲ್ಲಿ ಹೊಸ ಮನೆಗಳಿಗೆ ವಾರಂಟಿ ಕೊಡುವವರ ನಿಯಮದಂತೆ, ತುಂಬಿದ ಮಣ್ಣು 60 ಸೆಂ.ಮೀ. ದಾಟಿದರೆ ನೆಲದ ಕಾಂಕ್ರೀಟ್ ಆ ಮಣ್ಣಿನ ಮೇಲೆ ಕೂರುವಂತಿಲ್ಲ, ಗೋಡೆಯಿಂದ ಗೋಡೆಗೆ ತೂಗಬೇಕು. "ಕೆಳಗಿನ ನೆಲಕ್ಕೂ ಸ್ಲ್ಯಾಬಾ?" ಎಂದು ನಮ್ಮವರು ಹುಬ್ಬೇರಿಸುತ್ತಾರೆ. ತಗ್ಗಿನ ಬದಿಯಲ್ಲಿ ಆಳೆತ್ತರ ಮಣ್ಣು ತುಂಬುವುದಕ್ಕಿಂತ ಬೀಮಿನ ಮೇಲೆ ಸ್ಲ್ಯಾಬು ಹಾಕುವುದೇ ಜಾಣತನ ಎಂದು ನನ್ನ ಅಭಿಪ್ರಾಯ. ಅಡಿಯ ಜಾಗಕ್ಕೆ ಅಡಿಕೆ ಚೀಲ, ತೆಂಗಿನಕಾಯಿ ಹೇಗೂ ಇದ್ದೇ ಇವೆ.

ಕಾವಿ ನೆಲ ಹಳೆಕಾಲದ್ದು, ಒಡೆಯುತ್ತದೆ ಎನ್ನುವವರಿಗೆ ಎರಡೇ ಮಾತು. ಅಡಿ ಗಟ್ಟಿಯಿದ್ದು, ಗಾಜಿನ ಪಟ್ಟಿ ಇಟ್ಟು ಚೌಕ ಚೌಕವಾಗಿ ಹಾಕಿ, ವಾರಗಟ್ಟಲೆ ನೀರು ನಿಲ್ಲಿಸಿದರೆ ಬಿರುಕು ಅಪರೂಪ. ಅಗ್ಗವೆಂದು ಆರಿಸಬೇಡಿ, ನುರಿತ ಕೈ ಈಗ ಸುಲಭಕ್ಕೆ ಸಿಗುವುದಿಲ್ಲ.

ಇನ್ನು ಒರಲೆ. "ಕಾಂಕ್ರೀಟ್ ಹಾಕಿದ ಮೇಲೆ ಅದೆಲ್ಲಿ ಬರುತ್ತದೆ" ಎನ್ನುತ್ತಾರೆ. ಅದಕ್ಕೆ ಒಂದು ಮಿಲಿಮೀಟರ್ ಬಿರುಕು ಸಾಕು. ಔಷಧಿ ಹೊಡೆಯಬೇಕಾದದ್ದು ಕಾಂಕ್ರೀಟಿಗೆ ಮೊದಲು, ಮಣ್ಣಿಗೆ. ಅದಕ್ಕೂ ಮೊದಲು ಆ ಮಣ್ಣಿನಿಂದ ಬೇರು, ತೆಂಗಿನ ಸಿಪ್ಪೆ, ಸೆಂಟ್ರಿಂಗಿನ ಹಲಗೆ ತುಂಡು ಹೆಕ್ಕಿ ತೆಗೆಯಬೇಕು. ಆ ದಿನ ಮನೆಯವರು ಯಾರಾದರೂ ಒಬ್ಬರು ಹತ್ತಿರ ನಿಂತಿರುವುದು ಒಳ್ಳೆಯದು.