ಬೇತಾಳನ ಕೈಯಲ್ಲಿ ಹೂವಿನ ಗುಚ್ಛ!

ರಕ್ತ ಕುಡಿದೇ ಬದುಕಬೇಕಾದ ಪಿಶಾಚಿಗೆ ರಕ್ತ ಕಂಡರೆ ತಲೆ ಸುತ್ತಿ ಬೀಳುವ ಕಾಯಿಲೆ ಬಂದರೆ ಏನು ಗತಿ? ಅದರಲ್ಲೂ ಆ ಪಿಶಾಚಿ ಒಬ್ಬ ಹೆಣ್ಣುಮಗಳಾಗಿದ್ದು, ಅವಳಿಗೊಬ್ಬ ತಾಯಿಯೂ ಇದ್ದರೆ? ಕೆನಡಾದ ಲೇಖಕಿ ಲಿನ್ಸೇ ಸ್ಯಾಂಡ್ಸ್ 2005ರಲ್ಲಿ ಪ್ರಕಟಿಸಿದ ‘ಎ ಕ್ವಿಕ್ ಬೈಟ್’ ಕಾದಂಬರಿಯ ತಾಪತ್ರಯವೇ ಇದು. ಕಥಾನಾಯಕಿ ಲಿಸಿಯಾನಾಗೆ ವಯಸ್ಸು ಇನ್ನೂರು ದಾಟಿದೆ. ಆದರೂ ರಕ್ತ ಕಂಡರೆ ಮೂರ್ಛೆ. ಅವಳ ಹುಟ್ಟುಹಬ್ಬಕ್ಕೆ ತಾಯಿ ಒಬ್ಬ ಸುಂದರ ಗಂಡಸನ್ನು ಎತ್ತಿಕೊಂಡು ಬಂದು ಕೋಣೆಯಲ್ಲಿ ಕಟ್ಟಿಹಾಕಿರುತ್ತಾಳೆ. ಮಗಳು ಇದು ಹಬ್ಬದೂಟ ಎಂದುಕೊಳ್ಳುತ್ತಾಳೆ. ಅಲ್ಲ! ಅವನು ಮಗಳ ಭಯ ಬಿಡಿಸಲೆಂದು ತಂದ ಮನಃಶಾಸ್ತ್ರಜ್ಞ. ಮುಂದೆ ಏನಾಗುತ್ತದೆ ಎಂಬುದನ್ನು ಪ್ರೇಮಕಥೆ ಓದಿ ಬಲ್ಲವರಿಗೆ ಹೇಳಬೇಕಾಗಿಲ್ಲ.

ಇಂಥ ಪುಸ್ತಕಗಳ ರಾಶಿಯೇ ಇದೆ. ಅಮೆರಿಕದ ಮೇರಿಜಾನಿಸ್ ಡೇವಿಡ್‌ಸನ್ ಬರೆದ ‘ಅನ್‌ಡೆಡ್ ಆ್ಯಂಡ್ ಅನ್‌ವೆಡ್’ (2004) ಕಾದಂಬರಿಯ ನಾಯಕಿ ಸತ್ತು, ರಕ್ತಪಿಶಾಚಿಯಾಗಿ ಎದ್ದು ಕೂತಾಗ ಅವಳಿಗೆ ಬರುವ ಮೊದಲ ಸಿಟ್ಟು ಸಾವಿನ ಮೇಲಲ್ಲ. ಹೆಣಕ್ಕೆ ಅಗ್ಗದ ಚಪ್ಪಲಿ ತೊಡಿಸಿದ್ದಾರಲ್ಲ ಎಂಬುದರ ಮೇಲೆ! ಕ್ರಿಸ್ಟೋಫರ್ ಮೂರ್ ಬರೆದ ‘ಬ್ಲಡ್‌ಸಕಿಂಗ್ ಫೀಂಡ್ಸ್’ (1995) ಕಾದಂಬರಿಯಲ್ಲಿ ಪಿಶಾಚಿಯಾದ ಹುಡುಗಿಯನ್ನು ಪ್ರೀತಿಸುವವನು ಅಂಗಡಿಯೊಂದರಲ್ಲಿ ರಾತ್ರಿ ಪಾಳಿಯಲ್ಲಿ ಸಾಮಾನು ಜೋಡಿಸುವ ಬಡಪಾಯಿ. ಅವಳಿಗೆ ಹಗಲು ಹೊರಬರಲಾಗದು; ಅವನು ಹಗಲಿನ ಕೆಲಸಗಳನ್ನೆಲ್ಲ ಮಾಡಿಕೊಡಬೇಕು. ಒಟ್ಟಿನಲ್ಲಿ ಸಂಸಾರ ಎಂದರೆ ಎಲ್ಲ ಕಡೆಯೂ ಒಂದೇ!

ನನ್ನ ಹಳೆಯ ವಿದ್ಯಾರ್ಥಿನಿಯರಲ್ಲೂ ಇಂಥವನ್ನು ಮುಗಿಬಿದ್ದು ಓದುವವರಿದ್ದಾರೆ. ವಿಜ್ಞಾನದ ಮೇಷ್ಟ್ರಾದ ನನಗೆ ಕುತೂಹಲ: ದೆವ್ವ ಇಲ್ಲ ಎಂದು ನಾವು ಪಾಠ ಹೇಳಿ ಕಳಿಸಿದ ಮಕ್ಕಳು ದೆವ್ವದ ಪ್ರೇಮಕಥೆಗೆ ಮನಸೋಲುವುದೇಕೆ?

ಮೊದಲು ಬಂದವನು ನಮ್ಮ ಬೇತಾಳ

ಪಿಶಾಚಿಯ ಬಾಯಲ್ಲಿ ಪ್ರೇಮಕಥೆ ಕೇಳುವುದು ನಮಗೇನೂ ಹೊಸದಲ್ಲ. 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ‘ಕಥಾಸರಿತ್ಸಾಗರ’ದಲ್ಲಿ ಬೇತಾಳ ಪಂಚವಿಂಶತಿಯ ಕಥೆಗಳಿವೆ. ‘ಚಂದಮಾಮ’ ಓದಿ ಬೆಳೆದ ನಮ್ಮ ತಲೆಮಾರಿಗೆ ಚಿತ್ರಕಾರ ಶಂಕರ್ ಬರೆದ ಆ ಚಿತ್ರ ಕಣ್ಣಿಗೆ ಕಟ್ಟಿದಂತಿದೆ: ಕೈಯಲ್ಲಿ ಕತ್ತಿ ಹಿಡಿದ ರಾಜ, ಹೆಗಲ ಮೇಲೆ ಹೆಣ. ರಾಜ ಮೌನ ಮುರಿದರೆ ಬೇತಾಳ ಮತ್ತೆ ಮರಕ್ಕೆ!

ಆ ಬೇತಾಳ ಹೇಳುತ್ತಿದ್ದ ಒಂದು ಕಥೆ ನೋಡಿ. ಒಬ್ಬ ಕನ್ಯೆ, ಮೂವರು ವರರು. ಮದುವೆಗೆ ಮೊದಲೇ ಕನ್ಯೆ ತೀರಿಕೊಳ್ಳುತ್ತಾಳೆ. ಒಬ್ಬ ಅವಳ ಚಿತಾಭಸ್ಮದ ಮೇಲೆಯೇ ಮಲಗುತ್ತಾನೆ, ಇನ್ನೊಬ್ಬ ಅಸ್ಥಿಯನ್ನು ತೀರ್ಥಕ್ಕೆ ಒಯ್ಯುತ್ತಾನೆ, ಮೂರನೆಯವನು ಮಂತ್ರ ಕಲಿತು ಬಂದು ಅವಳನ್ನು ಬದುಕಿಸುತ್ತಾನೆ. ಈಗ ಗಂಡ ಯಾರು? ರಾಜನ ತೀರ್ಪು: ಜೀವ ಕೊಟ್ಟವನು ತಂದೆಯ ಸಮಾನ, ಅಸ್ಥಿ ಒಯ್ದವನು ಮಗನ ಸಮಾನ, ಬೂದಿಯ ಮೇಲೆ ಮಲಗಿದವನೇ ಗಂಡ! ಭಯ, ಪ್ರೇಮ, ತುಂಟತನ ಮೂರೂ ಒಂದೇ ಪಾಕದಲ್ಲಿ ಬೆಂದಿವೆ, ಅಲ್ಲವೇ?

ರಿಚರ್ಡ್ ಬರ್ಟನ್ ಎಂಬ ಆಂಗ್ಲ ಲೇಖಕ 1870ರಲ್ಲಿ ಈ ಕಥೆಗಳಲ್ಲಿ ಕೆಲವನ್ನು ಇಂಗ್ಲಿಷಿಗೆ ತಂದಾಗ ಇಟ್ಟ ಹೆಸರು ‘ವಿಕ್ರಮ್ ಆ್ಯಂಡ್ ದ ವ್ಯಾಂಪೈರ್’. ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಬಂದದ್ದು 1897ರಲ್ಲಿ. ಅಂದರೆ ಡ್ರಾಕುಲಾನಿಗಿಂತ 27 ವರ್ಷ ಮೊದಲೇ ನಮ್ಮ ಬೇತಾಳ ‘ವ್ಯಾಂಪೈರ್’ ಎಂಬ ಬಿರುದು ಹೊತ್ತು ಇಂಗ್ಲಿಷ್ ಓದುಗರ ಮುಂದೆ ನಿಂತಿದ್ದ. ತಲೆ ಅದಲುಬದಲಾದ ಇನ್ನೊಂದು ಬೇತಾಳ ಕಥೆ ಜರ್ಮನಿಯ ಥಾಮಸ್ ಮನ್‌ನ ಕೈದಾಟಿ ಬಂದು 1971ರಲ್ಲಿ ಗಿರೀಶ ಕಾರ್ನಾಡರ ‘ಹಯವದನ’ವಾಯಿತು.

ಓದು ಬಲ್ಲ ದೆವ್ವ

ಪುಸ್ತಕ ಹಾಗಿರಲಿ. 1990ರ ದಶಕದಲ್ಲಿ ರಾಜಾಜಿನಗರ, ವಿಜಯನಗರದ ಗಲ್ಲಿಗಳಲ್ಲಿ ಓಡಾಡಿದವರಿಗೆ ‘ನಾಳೆ ಬಾ’ ನೆನಪಿರಬೇಕು. ರಾತ್ರಿ ಹೊತ್ತು ಹೆಣ್ಣು ದೆವ್ವವೊಂದು ಬಂದು ಬಾಗಿಲು ತಟ್ಟುತ್ತದೆ, ಪರಿಚಿತರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ ಎಂಬ ಗುಲ್ಲು. ಅದಕ್ಕೆ ಪರಿಹಾರವಾಗಿ ಬಾಗಿಲ ಮೇಲೆ, ಗೋಡೆಯ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ‘ನಾಳೆ ಬಾ’ ಎಂದು ಬರೆಯುವುದು. ದೆವ್ವ ಓದಿಕೊಂಡು ಹಿಂದಿರುಗುತ್ತದೆ. ಮರುರಾತ್ರಿ ಬಂದರೆ ಮತ್ತೆ ಅದೇ ಬರಹ!

ಈಗ ಯೋಚಿಸಿದರೆ ನಗು ಬರುತ್ತದೆ. ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು. ಮಾತು ಮೀರದ ಸಂಭಾವಿತ ದೆವ್ವ. ಆದರೆ ನಿನ್ನೆ ಓದಿದ್ದು ಇವತ್ತು ನೆನಪಿರುತ್ತಿರಲಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳಂತೆಯೇ! ‘ಇಂದು ನಗದು, ನಾಳೆ ಸಾಲ’ ಎಂದು ಬೋರ್ಡು ಹಾಕಿದ ಕಿರಾಣಿ ಅಂಗಡಿಯವರ ತರ್ಕವೇ ದೆವ್ವಕ್ಕೂ ಸಾಕಾಯಿತು.

ಆ ಭಯ ಮುಂದೆ ತಮಾಷೆಯಾಗಿ, ತಮಾಷೆ ಪ್ರೇಮಕಥೆಯಾಗಿ ಮರಳಿ ಬಂತು. ಈ ‘ನಾಳೆ ಬಾ’ ಎಳೆಯನ್ನು ಹಿಡಿದೇ 2018ರಲ್ಲಿ ಹಿಂದಿಯ ‘ಸ್ತ್ರೀ’ ಚಿತ್ರ ಬಂತು. ಊರಿನ ಗಂಡಸರು ಕತ್ತಲಾದರೆ ಹೊರಗೆ ಹೋಗಲು ನಡುಗುವುದೇ ಅದರ ಹಾಸ್ಯ. ಅದೇ ಸರಣಿಯಲ್ಲಿ 2025ರಲ್ಲಿ ಬಂದ ‘ಥಾಮಾ’ದಲ್ಲಿ ಬೇತಾಳ ಕುಲದ ಹೆಣ್ಣಾಗಿ ನಟಿಸಿದವರು ಕೊಡಗಿನ ರಶ್ಮಿಕಾ ಮಂದಣ್ಣ.

ಮೇಷ್ಟ್ರ ಲೆಕ್ಕ

ಹಾಗಾದರೆ ರಕ್ತಪಿಶಾಚಿ ನಿಜವಿರಬಹುದೇ? ಒಂದು ಲೆಕ್ಕ ಹಾಕೋಣ. ಒಬ್ಬ ಪಿಶಾಚಿ ತಿಂಗಳಿಗೆ ಒಬ್ಬರನ್ನು ಕಚ್ಚುತ್ತಾನೆ, ಕಚ್ಚಿಸಿಕೊಂಡವರೂ ಪಿಶಾಚಿಯಾಗುತ್ತಾರೆ ಎನ್ನಿ. ಮೊದಲ ತಿಂಗಳಿಗೆ 2, ಆಮೇಲೆ 4, 8, 16... 23 ತಿಂಗಳಿಗೆ 83,88,608! 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 96 ಲಕ್ಷ. ಎರಡು ವರ್ಷ ತುಂಬುವ ಮೊದಲೇ ಜಿಲ್ಲೆಯಲ್ಲಿ ಕಚ್ಚಲು ಒಬ್ಬರೂ ಉಳಿಯುವುದಿಲ್ಲ. ಇಡೀ ಜಗತ್ತಿಗೆ 33 ತಿಂಗಳು ಸಾಕು. ನೀವಿನ್ನೂ ಈ ಲೇಖನ ಓದುತ್ತಿರುವುದೇ ರಕ್ತಪಿಶಾಚಿ ಇಲ್ಲ ಎಂಬುದಕ್ಕೆ ಸಾಕ್ಷಿ!

ನಿಜವಾಗಿ ರಕ್ತ ಕುಡಿದೇ ಬದುಕುವ ಬಾವಲಿಗಳುಂಟು. ಮೂರೇ ಪ್ರಭೇದ, ಮೂರೂ ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗಿನ ಪ್ರದೇಶದವು, ನಮ್ಮಲ್ಲಿಲ್ಲ. ಎರಡು ಮೂರು ರಾತ್ರಿ ಆಹಾರ ಸಿಗದಿದ್ದರೆ ಅವು ಸಾಯುತ್ತವೆ. ಆಗ ಹೊಟ್ಟೆ ತುಂಬಿದ ಬಾವಲಿ ತಾನು ಕುಡಿದದ್ದನ್ನೇ ಕಕ್ಕಿ, ಹಸಿದ ಸಂಗಾತಿಗೆ ಉಣಿಸುತ್ತದೆ. ಜೆರಾಲ್ಡ್ ವಿಲ್ಕಿನ್‌ಸನ್ ಎಂಬ ವಿಜ್ಞಾನಿ 1984ರಲ್ಲಿ ಇದನ್ನು ಪ್ರಕಟಿಸಿದರು. ಯಾವ ಪ್ರೇಮಕಾದಂಬರಿಗೆ ಕಡಿಮೆ ಇದು? ಇನ್ನು ವೃಷಭಾವತಿಯ ದಂಡೆಯ ನಾವು, ಕೆಂಗೇರಿಯವರೆಗೂ, ಸಂಜೆಯಾದರೆ ಕಿಟಕಿ ಮುಚ್ಚುವುದು ಬೇರೊಂದು ರಕ್ತಪಾನಿಗೆ ಹೆದರಿ. ಅದೂ ಹೆಣ್ಣೇ! ಮೊಟ್ಟೆ ಬೆಳೆಸಲು ಬೇಕಾದ ಪ್ರೋಟೀನಿಗಾಗಿ ಹೆಣ್ಣು ಸೊಳ್ಳೆ ಮಾತ್ರ ರಕ್ತ ಹೀರುತ್ತದೆ. ಅದಕ್ಕೆ ‘ನಾಳೆ ಬಾ’ ಎಂದು ಬರೆದರೆ ಪ್ರಯೋಜನವಿಲ್ಲ. ಅದು ಓದು ಕಲಿತಿಲ್ಲ.

ಹೊಸಿಲ ಆಚೆ ನಿಂತವನು

ಹಾಗಿದ್ದೂ ಈ ಕಥೆಗಳು ಏಕೆ ಹಿಡಿಸುತ್ತವೆ? ಹಿಂದೊಮ್ಮೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ವಿಜ್ಞಾನದ ಪುಸ್ತಕದ ನಡುವೆ ಇಂಥದ್ದೊಂದನ್ನು ಇಟ್ಟುಕೊಂಡು ಸಿಕ್ಕಿಬಿದ್ದಳು. ‘ಇದರಲ್ಲಿ ಏನಮ್ಮಾ ಇದೆ?’ ಎಂದೆ. ‘ಸಾರ್, ಅವನು ಒಳಗೆ ಬರೋಕೆ ಪರ್ಮಿಷನ್ ಕೇಳ್ತಾನೆ’ ಎಂದಳು.

ಯೋಚಿಸಿದಷ್ಟೂ ಆ ಉತ್ತರ ದೊಡ್ಡದಾಗಿ ಕಂಡಿತು. ಮನೆಯವರು ಒಮ್ಮೆಯಾದರೂ ಕರೆಯದೆ ಪಿಶಾಚಿ ಹೊಸಿಲು ದಾಟಲಾರ ಎಂಬ ನಿಯಮ ಸ್ಟೋಕರ್‌ನ ‘ಡ್ರಾಕುಲಾ’ದಲ್ಲೇ ಇದೆ. ಬಾಗಿಲು ಮುರಿಯುವ ಬಲ ಇದ್ದವನು ಬಾಗಿಲ ಹೊರಗೆ ಕಾಯುತ್ತಾನೆ. ಸಂಜೆ ಏಳಾದರೆ ‘ಎಲ್ಲಿದ್ದೀಯ?’ ಎಂಬ ಫೋನು ಬರುವ ಹುಡುಗಿಗೆ ರಾತ್ರಿಯೆಲ್ಲ ನಿರ್ಭಯವಾಗಿ ಅಲೆಯುವ ನಾಯಕಿ, ಅಪ್ಪಣೆ ಕೇಳುವ ನಾಯಕ ಎರಡೂ ಒಟ್ಟಿಗೆ ಸಿಕ್ಕರೆ ಬಿಟ್ಟಾಳೆಯೇ?

ಎಲ್ಲ ಪಿಶಾಚಿ ನಾಯಕರೂ ಹೀಗೆ ಸಭ್ಯರೆಂದಲ್ಲ. 2005ರಲ್ಲಿ ಬಂದ ‘ಟ್ವೈಲೈಟ್’ನ ನಾಯಕ ಹುಡುಗಿ ಮಲಗಿದ್ದಾಗ ಅವಳಿಗೆ ತಿಳಿಯದಂತೆ ಕೋಣೆಗೆ ಬಂದು ನೋಡುತ್ತ ಕೂರುತ್ತಾನೆ. ಗಂಭೀರ ಕಥೆಯಲ್ಲಿ ಇದು ಪ್ರೇಮ ಎನಿಸಿಕೊಂಡು ಪಾರಾಗುತ್ತದೆ. ನಗೆಯ ಕಥೆಯಲ್ಲಾದರೆ ನಾಯಕಿ ಚಪ್ಪಲಿ ಎತ್ತಿಕೊಳ್ಳುತ್ತಾಳೆ! ದೋಷವನ್ನು ನಗು ಬಹಳ ಬೇಗ ಹಿಡಿದುಬಿಡುತ್ತದೆ.

ನಗೆಯೇ ಮದ್ದು

ಈ ಮಾತನ್ನು ತಮಾಷೆಗೆ ಹೇಳುತ್ತಿಲ್ಲ. ಮಗಳು ಊಟ ಬಿಟ್ಟು ಮಂಕಾದರೆ, ರಾತ್ರಿ ಒಬ್ಬಳೇ ಮಾತಾಡಿದರೆ ‘ಏನೋ ಮೆಟ್ಟಿಕೊಂಡಿದೆ’ ಎನ್ನುವ ಮನೆಗಳು ಇವತ್ತಿಗೂ ಇವೆ. ಮೊದಲು ಮಂತ್ರವಾದಿಯ ಮನೆ, ಕೊನೆಗೆ ಡಾಕ್ಟರು. ದೆವ್ವ ಬಿಡಿಸುವ ಹೆಸರಿನಲ್ಲಿ ಕಟ್ಟಿಹಾಕಿ ಹೊಡೆಯುವುದು ಅಪರಾಧ ಎಂದು ಕರ್ನಾಟಕ 2017ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ನಿಮ್ಹಾನ್ಸ್‌ನಂಥ ಸಂಸ್ಥೆ ಇರುವ ಊರು ನಮ್ಮದು. ಆದರೂ ಅಲ್ಲಿಗೆ ಹೋಗುವುದೆಂದರೆ ನಾಚಿಕೆ.

ಕಾನೂನು ಹೊಡೆಯುವ ಕೈಯನ್ನು ತಡೆದೀತು. ಮನಸ್ಸಿನೊಳಗಿನ ದೆವ್ವವನ್ನು ಓಡಿಸಲಾರದು. ನನ್ನ ತರಗತಿಯ ಪಾಠಕ್ಕೂ ಆ ಶಕ್ತಿ ಅಷ್ಟಾಗಿ ಇಲ್ಲ. ‘ದೆವ್ವ ಇಲ್ಲ’ ಎಂದು ಉತ್ತರ ಬರೆದು ಪೂರ್ತಿ ಅಂಕ ಪಡೆದವರೇ ಅಮಾವಾಸ್ಯೆ ರಾತ್ರಿ ಹುಣಸೆಮರದ ಬದಿಗೆ ಹೋಗಲು ಹಿಂಜರಿಯುತ್ತಾರೆ. ಆದರೆ ಚಪ್ಪಲಿಗಾಗಿ ಜಗಳವಾಡುವ ಪಿಶಾಚಿಯನ್ನು ಕಂಡು ಒಮ್ಮೆ ಹೊಟ್ಟೆತುಂಬ ನಕ್ಕವರು ಮತ್ತೆ ಮೊದಲಿನಂತೆ ಹೆದರುವುದು ಕಷ್ಟ. 2004ರ ‘ಆಪ್ತಮಿತ್ರ’ವನ್ನು ನಮ್ಮ ಜನ ಕಿಕ್ಕಿರಿದು ನೋಡಿದರು, ವಿಷ್ಣುವರ್ಧನ್ ವೈದ್ಯರಾಗಿ ಬಂದು ನಾಗವಲ್ಲಿಯನ್ನು ಮನಸ್ಸಿನ ಕಾಯಿಲೆ ಎಂದದ್ದನ್ನು ನಗುನಗುತ್ತಲೇ ಒಪ್ಪಿಕೊಂಡರು.

ಇಷ್ಟಕ್ಕೂ ಆ ಕೆನಡಾದ ಕಾದಂಬರಿಯ ಪಿಶಾಚಿ ತಾಯಿಯನ್ನೇ ನೋಡಿ. ಮಗಳ ಭಯಕ್ಕೆ ಅವಳು ತಾಯಿತ ಕಟ್ಟಿಸಲಿಲ್ಲ, ಬೇವಿನ ಸೊಪ್ಪು ಹಿಡಿಯಲಿಲ್ಲ, ಮನಃಶಾಸ್ತ್ರಜ್ಞನನ್ನು ಕರೆತಂದಳು. ಕರೆತಂದ ರೀತಿ ತಪ್ಪು, ಬುದ್ಧಿ ಮಾತ್ರ ಸರಿಯಾಗಿತ್ತು!

ಆದ್ದರಿಂದ ನಡುರಾತ್ರಿ ನಿಮ್ಮ ಮಗಳ ಕೋಣೆಯಿಂದ ಒಬ್ಬಳೇ ನಗುವ ಸದ್ದು ಕೇಳಿದರೆ ಗಾಬರಿಯಾಗಬೇಡಿ. ಬಾಗಿಲು ತಟ್ಟಿ, ಅಪ್ಪಣೆ ಕೇಳಿ ಒಳಗೆ ಹೋಗಿ. ‘ಯಾವ ಪುಸ್ತಕ ಅಮ್ಮಾ?’ ಎಂದು ವಿಚಾರಿಸಿ. ಅವಳು ಓದಿ ಮುಗಿಸಿದ ಮೇಲೆ ನೀವೂ ಒಂದಿಷ್ಟು ಪುಟ ತಿರುವಿ ನೋಡಿ.