‘ಸರ್ವರ್ ಬ್ಯುಸಿ’ ಯಾಕೆ ಬರುತ್ತೆ? ಏನು ಮಾಡಬೇಕು?

ಸಿಂಧನೂರು: ಸಿಂಧನೂರು, ಲಿಂಗಸುಗೂರು, ಮಸ್ಕಿ ಎಲ್ಲೇ ಆಗಲಿ, ಗ್ರಾಮ ಒನ್ ಕೇಂದ್ರದಲ್ಲಿ ‘ಸರ್ವರ್ ಬ್ಯುಸಿ’ ಅಂದ್ರೆ ಕೂಲಿಯವರಿಗೆ ಒಂದು ದಿನದ ಪಗಾರ ಹೋದಂಗೆ.

ಒಂದೇ ಹೊತ್ತಿಗೆ ಮಿತಿ ಮೀರಿ ಜನ ಕೇಳಿದರೆ ಸರ್ವರ್ ನಿಧಾನವಾಗುತ್ತದೆ. ಮತ್ತೆ ಮತ್ತೆ ರಿಫ್ರೆಶ್ ಒತ್ತಿದರೆ ಹೊರೆ ಇನ್ನೂ ಹೆಚ್ಚುತ್ತದೆ.

ಉಬುಂಟು, ಡೆಬಿಯನ್‌ನಂಥ ಉಚಿತ ಸಾಫ್ಟ್‌ವೇರ್‌ಗಳ ನಕಲನ್ನು ಹಲವು ದೇಶಗಳ ಸರ್ವರ್‌ಗಳಲ್ಲಿ ಇಟ್ಟಿರುತ್ತಾರೆ. ಇದಕ್ಕೆ ‘ಮಿರರ್’ ಅಂತಾರೆ. ಡೌನ್‌ಲೋಡ್ ಮಾಡುವವರು ಹಂಚಿಹೋಗುತ್ತಾರೆ.

ಅರ್ಜಿಗೆ ಇಷ್ಟೇ ಸಾಲದು. ಎಲ್ಲ ಅರ್ಜಿಯೂ ಒಂದೇ ಲೆಕ್ಕಕ್ಕೆ ಸೇರಬೇಕು. ಹಾಗಾಗಿ ಸಮಯ ಹಂಚುತ್ತಾರೆ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಎಸ್ಸೆಮ್ಮೆಸ್‌ನಲ್ಲಿ ದಿನ, ಸಮಯ ತಿಳಿಸುವ ವ್ಯವಸ್ಥೆ ಇದ್ದದ್ದು ಇದಕ್ಕೇ.

ಕೊನೆ ದಿನದ ತನಕ ಕಾಯಬೇಡಿ. ಹಣ ಕಟ್ಟುವಾಗ ಪೇಜ್ ನಿಂತರೆ, ಖಾತೆ ನೋಡಿಯೇ ಮತ್ತೆ ಕಟ್ಟಿ.